ದಾರಿಬುತ್ತಿಗೆ ಬೈಬಲಿನ ಗ್ರೀಕಿನಲ್ಲಿ ಎಷ್ಟು ಹೆಸರು?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಬಾರಿ ಬಂದ ಪ್ರಶ್ನೆಗಳೆಲ್ಲ ಪ್ರಯಾಣದ ಆಹಾರಕ್ಕೆ ಸಂಬಂಧಿಸಿದ ಗ್ರೀಕ್ ಪದಗಳ ಸುತ್ತಲಿನವು. ಗ್ರೀಕ್, ಹೀಬ್ರೂ ಪದಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇವೆ. ಗ್ರೀಕಿನಲ್ಲಿ ಹ್ರಸ್ವ ಎ–ದೀರ್ಘ ಏ, ಹ್ರಸ್ವ ಒ–ದೀರ್ಘ ಓ ಬೇರೆ ಬೇರೆ ಅಕ್ಷರಗಳು. ನಮ್ಮ ಲಿಪಿಯಲ್ಲೂ ಆ ಭೇದ ಇರುವುದರಿಂದ ಉಚ್ಚಾರ ಕೆಡುವುದಿಲ್ಲ.

ಪ್ರಶ್ನೆ: ಲೂಕ 9:12ರಲ್ಲಿ ಶಿಷ್ಯರು ‘ಜನರು ಹಳ್ಳಿಗಳಿಗೆ ಹೋಗಿ ಆಹಾರ ದೊರಕಿಸಿಕೊಳ್ಳಲಿ’ ಎನ್ನುತ್ತಾರೆ. ಮೂಲದಲ್ಲಿ ಇಲ್ಲಿರುವುದು ‘ಪ್ರಯಾಣದ ಬುತ್ತಿ’ ಎಂಬ ಪದವೆಂದು ಕೇಳಿದೆ. ಹಾಗಾದರೆ ‘ಆಹಾರ’ ಎಂಬ ಅನುವಾದ ತಪ್ಪೇ? — ಓದುಗರು, ಹಾಸನ

ತಪ್ಪಲ್ಲ. ಆದರೆ ಮೂಲದ ಒಂದು ಛಾಯೆ ಅದರಲ್ಲಿ ಉಳಿಯುವುದಿಲ್ಲ.

ಅಲ್ಲಿರುವ ಪದ ‘ಎಪಿಸಿತಿಸ್ಮೊಸ್’. ಹೊಸ ಒಡಂಬಡಿಕೆಯಲ್ಲಿ ಇದು ಬರುವುದು ಇದೊಂದೇ ಕಡೆ. ‘ಸೀತೊಸ್’ ಎಂದರೆ ಧಾನ್ಯ, ಮುಖ್ಯವಾಗಿ ಗೋಧಿ. ಹಾಗೆಯೇ ಒಟ್ಟಾರೆ ಆಹಾರ ಎಂದೂ ಅರ್ಥ. ಅದರಿಂದ ಹುಟ್ಟಿದ ‘ಎಪಿಸಿತಿಜೊಮಾಯ್’ ಎಂಬ ಕ್ರಿಯಾಪದಕ್ಕೆ ‘ತನಗೆ ಬೇಕಾದ ದವಸ ಒದಗಿಸಿಕೊಳ್ಳು’ ಎಂದರ್ಥ. ಕೊನೆಯ ‘-ಮೊಸ್’ ಪ್ರತ್ಯಯ ಕ್ರಿಯೆಯನ್ನು ನಾಮಪದ ಮಾಡುತ್ತದೆ. ಹಾಗಾಗಿ ಈ ಪದಕ್ಕೆ ಮೊದಲ ಅರ್ಥ ‘ದವಸ ಒದಗಿಸಿಕೊಳ್ಳುವ ಕೆಲಸ’, ಎರಡನೆಯದು ‘ಹಾಗೆ ಒದಗಿಸಿಕೊಂಡ ದವಸ’.

ಮೊದಲ ಅರ್ಥಕ್ಕೆ ಒಳ್ಳೆಯ ಉದಾಹರಣೆ ಗ್ರೀಕ್ ಲೇಖಕ ಕ್ಸೆನೊಫೋನನ ‘ಅನಾಬಾಸಿಸ್’. ಕ್ರಿ.ಪೂ. 401ರಲ್ಲಿ ದಂಡೆತ್ತಿ ಹೊರಟ ರಾಜಕುಮಾರ ಸೈರಸ್ ದಾರಿಯಲ್ಲಿ ಎಲ್ಲಿಯೂ ತಡಮಾಡದೆ, ‘ಎಪಿಸಿತಿಸ್ಮೊಸ್’ಗಾಗಿಯೋ ಬೇರೆ ಅಗತ್ಯಕ್ಕಾಗಿಯೋ ಮಾತ್ರ ತಂಗುತ್ತಿದ್ದ ಎಂದು ಮೊದಲ ಪುಸ್ತಕದ 5ನೆಯ ಅಧ್ಯಾಯದಲ್ಲಿದೆ. ಅಲ್ಲಿ ಅದು ಹೆಗಲ ಮೇಲಿನ ಗಂಟಲ್ಲ, ದಂಡು ನಿಂತು ದವಸ ಕೂಡಿಸುವ ಕೆಲಸ.

ಈಗ ಲೂಕನ ವಾಕ್ಯಕ್ಕೆ ಬನ್ನಿ. ಜನರು ಸುತ್ತಲಿನ ಹಳ್ಳಿಗಳಿಗೂ ಹೊಲಮನೆಗಳಿಗೂ ಹೋಗಿ ‘ಇಳಿದುಕೊಂಡು ಎಪಿಸಿತಿಸ್ಮೊಸ್ ಕಂಡುಕೊಳ್ಳಲಿ’ ಎಂದು ಹನ್ನೆರಡು ಮಂದಿ ಹೇಳುತ್ತಾರೆ. ಇದೇ ಪ್ರಸಂಗದಲ್ಲಿ ಮಾರ್ಕ 6:36ರಲ್ಲಿ ‘ತಿನ್ನಲು ಏನನ್ನಾದರೂ ಕೊಂಡುಕೊಳ್ಳಲಿ’ ಎಂದಿದೆ, ಮತ್ತಾಯ 14:15ರಲ್ಲಿ ‘ತಿನಿಸುಗಳನ್ನು ಕೊಂಡುಕೊಳ್ಳಲಿ’ ಎಂದಿದೆ. ಲೂಕನೊಬ್ಬನೇ ಇಳಿದುಕೊಳ್ಳುವ ಮಾತನ್ನು ಸೇರಿಸಿದ್ದಾನೆ. ಅವನು ಬಳಸಿದ ‘ಕತಲೂಓ’ ಎಂಬ ಕ್ರಿಯಾಪದದಿಂದಲೇ ‘ಕತಲೂಮ’ ಬಂದಿದೆ. ಕ್ರಿಸ್ತ ಹುಟ್ಟಿದಾಗ ಸ್ಥಳವಿಲ್ಲದೆ ಹೋದ ಬಿಡಾರಕ್ಕೆ ಲೂಕ 2:7ರಲ್ಲಿರುವುದು ಅದೇ ಪದ. ರಾತ್ರಿ ತಂಗುವುದು, ದವಸ ಹೊಂದಿಸಿಕೊಳ್ಳುವುದು ಎರಡೂ ಸೇರಿದಾಗ ಆ ಜನ ದಾರಿಯಲ್ಲಿರುವವರಂತೆ ಕಾಣುತ್ತಾರೆ. ಹಾಗಾಗಿ ‘ಬುತ್ತಿ’ ಎಂಬ ಛಾಯೆ ನಿಜ. ಆದರೆ ಅದನ್ನು ‘ಕಂಡುಕೊಳ್ಳಬೇಕು’ ಎಂದಿರುವುದರಿಂದ ಕಟ್ಟಿ ತಂದ ಬುತ್ತಿಯಲ್ಲ. ‘ಪ್ರಯಾಣಕ್ಕೆ ಬೇಕಾದ ಆಹಾರವನ್ನು ಹೊಂದಿಸಿಕೊಳ್ಳಲಿ’ ಎಂದರೆ ಮೂಲಕ್ಕೆ ಹತ್ತಿರವಾಗುತ್ತದೆ.

ಇದೇ ಅಧ್ಯಾಯದ 3ನೆಯ ವಚನವನ್ನೂ ಜೊತೆಗಿಟ್ಟು ಓದಿ. ಈ ಹನ್ನೆರಡು ಮಂದಿಗೇ ‘ದಾರಿಗೆ ಏನನ್ನೂ ತೆಗೆದುಕೊಳ್ಳಬೇಡಿ, ಕೋಲು, ಚೀಲ, ರೊಟ್ಟಿ, ಹಣ ಬೇಡ’ ಎಂದು ಅಪ್ಪಣೆಯಾಗಿತ್ತು. ಬರಿಗೈಯಲ್ಲಿ ಹೋಗಿ ಬಂದವರು ಈಗ ಜನರ ಬುತ್ತಿಯ ಚಿಂತೆ ಮಾಡುತ್ತಿದ್ದಾರೆ. ಕ್ರಿಸ್ತನು ಆ ಜನರಿಗೆಲ್ಲ ಊಟ ಕೊಟ್ಟ ಮೇಲೆ, 17ನೆಯ ವಚನದಲ್ಲಿ, ಉಳಿದ ತುಂಡುಗಳು ಹನ್ನೆರಡು ಬುಟ್ಟಿ. ಲೂಕ ಈ ಪದವನ್ನು ಗೊತ್ತಿದ್ದೇ ಆರಿಸಿದ್ದಾನೆ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಈ ಪದ ಎಲ್ಲೆಲ್ಲಿದೆ? ಹೀಬ್ರೂವಿನಲ್ಲಿ ಅದಕ್ಕೆ ಬೇಟೆ ಎಂಬರ್ಥವೂ ಇದೆಯಂತೆ, ನಿಜವೇ? — ಓದುಗರು, ಬಳ್ಳಾರಿ

ಕ್ರಿ.ಪೂ. 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿ ಶುರುವಾದ ಆ ಅನುವಾದಕ್ಕೆ ಸೆಪ್ಟುವಜಿಂಟ್ ಎನ್ನುತ್ತಾರೆ. ‘ಎಪಿಸಿತಿಸ್ಮೊಸ್’ ಚೆನ್ನಾಗಿ ಬಳಕೆಯಾಗಿರುವುದು ಅಲ್ಲಿಯೇ.

ಆದಿಕಾಂಡ 42:25ರಲ್ಲಿ ಯೋಸೇಫನು ಅಣ್ಣಂದಿರ ಚೀಲಗಳಿಗೆ ಧಾನ್ಯ ತುಂಬಿಸಿ, ಹಣವನ್ನು ಒಳಗಿಟ್ಟು, ಬೇರೆಯಾಗಿ ‘ದಾರಿಗೆ ಎಪಿಸಿತಿಸ್ಮೊಸ್’ ಕೊಡಿಸುತ್ತಾನೆ. ಚೀಲದೊಳಗಿನ ಧಾನ್ಯ ಮನೆಗೆ, ಇದು ದಾರಿಗೆ. ಎರಡೂ ಬೇರೆ ಲೆಕ್ಕ. 45:21ರಲ್ಲಿ ತಂದೆಯನ್ನು ಕರೆತರಲು ಹೊರಟಾಗ ಮತ್ತೆ ಅದೇ ಮಾತು. ವಿಮೋಚನಕಾಂಡ 12:39ರಲ್ಲಿ ಐಗುಪ್ತದಿಂದ ತರಾತುರಿಯಲ್ಲಿ ಹೊರಟವರು ‘ದಾರಿಗೆ ಎಪಿಸಿತಿಸ್ಮೊಸ್ ಮಾಡಿಕೊಂಡಿರಲಿಲ್ಲ’. ಹುಳಿಯಿಲ್ಲದ ರೊಟ್ಟಿ ಸುಟ್ಟದ್ದು ಆ ಕಾರಣಕ್ಕೇ. 1 ಸಮುವೇಲ 22:10ರಲ್ಲಿ ಅಹೀಮೆಲೆಕನು ದಾವೀದನಿಗೆ ಕೊಟ್ಟದ್ದೂ ಇದೇ, ಗೊಲ್ಯಾತನ ಕತ್ತಿಯ ಜೊತೆಗೆ. ನ್ಯಾಯಸ್ಥಾಪಕರು 20:10ರಲ್ಲಿ ದಂಡಿಗೆ ದವಸ ತರಲು ಜನರನ್ನು ಆರಿಸುತ್ತಾರೆ. ಕೀರ್ತನೆ 78:25ರಲ್ಲಂತೂ ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಆಕಾಶದಿಂದ ಬಿದ್ದ ಆಹಾರವಾದ ಮನ್ನಕ್ಕೇ ಈ ಹೆಸರು. ಅಲ್ಲಿ ಯಾರೂ ಏನನ್ನೂ ಕಟ್ಟಿಕೊಂಡಿಲ್ಲ, ದೇವರು ಕಳುಹಿಸಿದ್ದು.

ಹೀಬ್ರೂ ಪದ ‘ತ್ಸೇದಾ’. ಬೇಟೆಗೆ ಹೇಳುವ ‘ತ್ಸಯಿದ್’ ಅದರ ಹತ್ತಿರದ ಸಂಬಂಧಿ. ಏಸಾವನು ತಂದೆಗಾಗಿ ತಂದ ಬೇಟೆಗೆ ಬಳಕೆಯಾದದ್ದು ‘ತ್ಸಯಿದ್’. ಹೀಗಿದ್ದರೂ ‘ತ್ಸೇದಾ’ ಬಂದಲ್ಲೆಲ್ಲ ಬೇಟೆ ಮಾಂಸ ಎಂದು ತಿಳಿಯಬಾರದು. ಬಳಕೆಯಲ್ಲಿ ಅದು ಬರೀ ದಾರಿಯ ಆಹಾರ.

ಇದರೊಡನೆ ಬರುವ ಒಂದು ಹಳೆಯ ಸಂದೇಹಕ್ಕೂ ಉತ್ತರಿಸಿಬಿಡೋಣ. ಯೆಹೋಶುವ 1:11ರಲ್ಲಿ ‘ಬುತ್ತಿ ಸಿದ್ಧಮಾಡಿಕೊಳ್ಳಿರಿ, ಮೂರು ದಿನದೊಳಗೆ ಯೊರ್ದನ್ ದಾಟುವಿರಿ’ ಎಂದು ಅಪ್ಪಣೆ. ಮನ್ನ ನಿಂತದ್ದು 5:12ರಲ್ಲಿ. ಅಲ್ಲಿಯವರೆಗೂ ಮನ್ನ ಬೀಳುತ್ತಿತ್ತು, ಅದನ್ನು ಮರುದಿನಕ್ಕೆ ಇಟ್ಟರೆ ಹುಳು ಬೀಳುತ್ತಿತ್ತು (ವಿಮೋಚನಕಾಂಡ 16:20). ಹಾಗಾದರೆ ಏನನ್ನು ಸಿದ್ಧಮಾಡಿಕೊಳ್ಳುವುದು? ಧರ್ಮೋಪದೇಶಕಾಂಡ 2:6ರಲ್ಲಿ ಏಸಾವನ ವಂಶದವರಿಂದ ಆಹಾರವನ್ನೂ ನೀರನ್ನೂ ಹಣ ಕೊಟ್ಟು ಕೊಳ್ಳಲು ಹೇಳಿದೆ. ಜನರ ಕೈಯಲ್ಲಿ ಮನ್ನವೊಂದೇ ಇರಲಿಲ್ಲ, ದನಕುರಿಗಳೂ ಇದ್ದವು. ಆದ್ದರಿಂದ ಆ ವಚನದಲ್ಲಿ ವಿರೋಧವಿಲ್ಲ.

ಪ್ರಶ್ನೆ: ಗಿಬ್ಯೋನ್ಯರ ಕಥೆಯಲ್ಲಿ (ಯೆಹೋಶುವ 9:4) ಇಂಗ್ಲಿಷಿನ ಕಿಂಗ್ ಜೇಮ್ಸ್ ಅನುವಾದ ‘ರಾಯಭಾರಿಗಳಂತೆ ನಟಿಸಿದರು’ ಎನ್ನುತ್ತದೆ, ಆರ್.ಎಸ್.ವಿ. ಅನುವಾದ ‘ಬುತ್ತಿ ಸಿದ್ಧಮಾಡಿಕೊಂಡರು’ ಎನ್ನುತ್ತದೆ. ಇಷ್ಟು ದೂರದ ಎರಡು ಅರ್ಥ ಒಂದೇ ಪದಕ್ಕೆ ಹೇಗೆ? — ಓದುಗರು, ಕೋಲಾರ ಚಿನ್ನದ ಗಣಿ

ಒಂದೇ ಪದವಲ್ಲ, ಒಂದಕ್ಷರ ಬೇರೆಯಾದ ಎರಡು ಪದ. ಹೀಬ್ರೂವಿನ ‘ದ’ (ದಾಲೆತ್) ಮತ್ತು ‘ರ’ (ರೇಶ್) ಅಕ್ಷರಗಳು ನೋಡಲು ಬಹಳ ಹತ್ತಿರ. ದಾಲೆತಿನ ಮೇಲ್ಗೆರೆ ಬಲಕ್ಕೆ ತುಸು ಚಾಚಿ ಮೂಲೆಯಾಗುತ್ತದೆ, ರೇಶಿನಲ್ಲಿ ಆ ಜಾಗ ದುಂಡಗೆ ಬಾಗುತ್ತದೆ. ಕೈಬರಹದಲ್ಲಿ ಶಾಯಿ ಸ್ವಲ್ಪ ಮಾಸಿದರೂ ಸಾಕು, ಒಂದು ಇನ್ನೊಂದಾಗುತ್ತದೆ. ‘ರ’ ಎಂದು ಓದಿದರೆ ‘ತ್ಸೀರ್’, ಅಂದರೆ ರಾಯಭಾರಿ, ಎಂಬ ಪದದಿಂದ ಬಂದ ಕ್ರಿಯಾಪದ. ‘ದ’ ಎಂದು ಓದಿದರೆ ‘ತ್ಸೇದಾ’ದಿಂದ ಬಂದದ್ದು, ಬುತ್ತಿ ಕಟ್ಟಿಕೊಂಡರು ಎಂದು.

ಸಾಂಪ್ರದಾಯಿಕ ಹೀಬ್ರೂ ಪಾಠದಲ್ಲಿ ‘ರ’ ಇದೆ. ಹಲವು ಹೀಬ್ರೂ ಹಸ್ತಪ್ರತಿಗಳಲ್ಲೂ ಪ್ರಾಚೀನ ಅನುವಾದಗಳಲ್ಲೂ ‘ದ’. ಸೆಪ್ಟುವಜಿಂಟಿನಲ್ಲಿ ಸ್ಪಷ್ಟವಾಗಿ ‘ಎಪೆಸಿತಿಸಂತೊ’, ಬುತ್ತಿ ಒದಗಿಸಿಕೊಂಡರು. ನಾವು ‘ದ’ವನ್ನೇ ಒಪ್ಪುತ್ತೇವೆ. ಕಾರಣ ಇದೇ ಅಧ್ಯಾಯದ 12ನೆಯ ವಚನ. ‘ಈ ರೊಟ್ಟಿ ನೋಡಿ, ಹೊರಟ ದಿನ ಮನೆಯಿಂದ ಬಿಸಿಬಿಸಿಯಾಗಿ ಬುತ್ತಿ ಕಟ್ಟಿಕೊಂಡೆವು’ ಎಂದು ಗಿಬ್ಯೋನ್ಯರೇ ಹೇಳುವಾಗ ಅದೇ ಕ್ರಿಯಾಪದ, ಅನುಮಾನವಿಲ್ಲದ ದಾಲೆತಿನೊಂದಿಗೆ ಇದೆ. ಮೇಲಾಗಿ ಹತ್ತಿರದವರಾಗಿದ್ದೂ ದೂರದಿಂದ ಬಂದವರೆಂದು ನಂಬಿಸಿ ಇಸ್ರಾಯೇಲ್ಯರೊಡನೆ ಒಪ್ಪಂದ ಮಾಡಿಕೊಳ್ಳುವ ಅವರ ಉಪಾಯವೆಲ್ಲ ನಿಂತಿರುವುದೇ ಬುತ್ತಿಯ ಮೇಲೆ.

ಆ ರೊಟ್ಟಿಯ ವರ್ಣನೆ ಕುತೂಹಲದ್ದು. ಗ್ರೀಕಿನಲ್ಲಿ ಮೂರು ವಿಶೇಷಣಗಳಿವೆ: ಒಣಗಿದ್ದು, ಬೂಷ್ಟು ಹಿಡಿದದ್ದು, ಹುಳ ತಿಂದದ್ದು. ಹೀಬ್ರೂವಿನಲ್ಲಿ ಎರಡು: ಒಣಗಿದ್ದು ಮತ್ತು ‘ನಿಕ್ಕುದೀಮ್’. ಈ ಎರಡನೆಯದನ್ನು ಕೆಲವರು ಪುಡಿಪುಡಿಯಾದದ್ದು ಎನ್ನುತ್ತಾರೆ, ಕೆಲವರು ಬೂಷ್ಟಿನ ಚುಕ್ಕೆ ಬಿದ್ದದ್ದು ಎನ್ನುತ್ತಾರೆ. ಗ್ರೀಕ್ ಅನುವಾದಕ ಎರಡನೆಯ ಅರ್ಥದ ಕಡೆಗಿದ್ದಾನೆ.

ಗಿಬ್ಯೋನ್ ಇದ್ದದ್ದು ಇಂದಿನ ಎಲ್-ಜೀಬ್ ಎಂಬ ಹಳ್ಳಿಯಲ್ಲಿ, ಯೆರೂಸಲೇಮಿನ ವಾಯವ್ಯಕ್ಕೆ ಹತ್ತು ಕಿಲೋಮೀಟರಿನೊಳಗೆ. 1956ರಿಂದ ಅಲ್ಲಿ ನಡೆದ ಜೇಮ್ಸ್ ಪ್ರಿಚರ್ಡರ ಉತ್ಖನನದಲ್ಲಿ ‘ಗಿಬ್ಯೋನ್’ ಎಂದು ಕೊರೆದ ಹೂಜಿಯ ಹಿಡಿಕೆಗಳು ಸಿಕ್ಕವು. ಗಿಲ್ಗಾಲಿನ ಪಾಳೆಯದಿಂದ ಅಲ್ಲಿಗೆ ಎಷ್ಟು ದೂರ ಎಂಬುದನ್ನು ಅದೇ ಪುಸ್ತಕ ಹೇಳುತ್ತದೆ: 10:9ರಲ್ಲಿ ಯೆಹೋಶುವನ ಸೇನೆ ರಾತ್ರಿಯೆಲ್ಲ ನಡೆದು ತಲುಪಿತು. ಒಂದು ರಾತ್ರಿಯ ನಡಿಗೆಯಲ್ಲಿ ಬಿಸಿ ರೊಟ್ಟಿ ಒಣಗಿ ಬೂಷ್ಟು ಹಿಡಿಯುವುದಿಲ್ಲ. ಬುತ್ತಿಯ ವಯಸ್ಸನ್ನು ನೋಡಿ ದಾರಿಯ ಉದ್ದ ಅಳೆಯಬಹುದೆಂದು ಇಸ್ರಾಯೇಲ್ಯರು ನಂಬಿದ್ದೇ ಮೋಸಕ್ಕೆ ಎಡೆಯಾಯಿತು. 14ನೆಯ ವಚನದಲ್ಲಿ ಅವರು ಆ ಬುತ್ತಿಯಿಂದ ತೆಗೆದುಕೊಂಡರು, ‘ಯೆಹೋವನ ಮಾತನ್ನು ಕೇಳಲಿಲ್ಲ’. ತೆಗೆದುಕೊಂಡವರು ಹೀಬ್ರೂವಿನಲ್ಲಿ ‘ಜನರು’, ಗ್ರೀಕಿನಲ್ಲಿ ‘ನಾಯಕರು’. ಮುಂದೆ 15ರಲ್ಲಿ ಪ್ರಮಾಣ ಮಾಡುವವರು ನಾಯಕರೇ ಆದ್ದರಿಂದ ಗ್ರೀಕ್ ಓದು ಕಥೆಗೆ ಹೊಂದುತ್ತದೆ.

ಪ್ರಶ್ನೆ: ಸಾಯುವವರಿಗೆ ಕೊಡುವ ಕೊನೆಯ ಪರಮಪ್ರಸಾದಕ್ಕೆ ಲ್ಯಾಟಿನಿನಲ್ಲಿ ‘ವಿಯಾತಿಕುಮ್’ ಎನ್ನುತ್ತಾರೆ, ಅದು ಗ್ರೀಕ್ ಬೈಬಲಿನಿಂದ ಬಂದ ಹೆಸರೇ? — ಓದುಗರು, ಮಂಗಳೂರು

‘ವಿಯಾ’ ಎಂದರೆ ದಾರಿ; ‘ವಿಯಾತಿಕುಮ್’ ದಾರಿಯ ಖರ್ಚು, ದಾರಿಯ ಬುತ್ತಿ. ಇದರ ಗ್ರೀಕ್ ಜೋಡಿ ‘ಎಫೊದಿಯೊನ್’. ‘ಹೊದೊಸ್’ ಎಂದರೆ ದಾರಿ. ಈ ಪದ ಹೊಸ ಒಡಂಬಡಿಕೆಯಲ್ಲಿ ಒಮ್ಮೆಯೂ ಇಲ್ಲ. ಇದೆ ಎಂದು ಕೆಲವು ಕಿರುಹೊತ್ತಿಗೆಗಳಲ್ಲಿ ಬರೆದಿರುತ್ತಾರೆ, ನಂಬಬೇಡಿ.

‘ಎಪಿಸಿತಿಸ್ಮೊಸ್’ ಸಾಮಾನ್ಯವಾಗಿ ತಿನ್ನುವ ದವಸವಾದರೆ ‘ಎಫೊದಿಯೊನ್’ಗೆ ಹಣವೂ ಸೇರುತ್ತದೆ. ಗ್ರೀಕ್ ನಗರಗಳು ರಾಯಭಾರಿಗಳನ್ನು ಕಳುಹಿಸುವಾಗ ಕೊಡುತ್ತಿದ್ದ ಪ್ರಯಾಣ ಭತ್ಯೆಗೆ ಇದೇ ಹೆಸರು. ಸೆಪ್ಟುವಜಿಂಟಿನಲ್ಲಿ ಧರ್ಮೋಪದೇಶಕಾಂಡ 15:14 ಮುಖ್ಯ. ಆರು ವರ್ಷ ದುಡಿದ ದಾಸನನ್ನು ಏಳನೆಯ ವರ್ಷ ಬಿಡುಗಡೆ ಮಾಡುವಾಗ ಬರಿಗೈಯಲ್ಲಿ ಕಳುಹಿಸದೆ ಕುರಿ, ಧಾನ್ಯ, ದ್ರಾಕ್ಷಾರಸದಿಂದ ಅವನಿಗೆ ‘ಎಫೊದಿಯೊನ್’ ಕೊಡಬೇಕು. ಹೀಬ್ರೂ ಕ್ರಿಯಾಪದ ‘ಕೊರಳಹಾರ’ ಎಂಬ ಪದದೊಡನೆ ನಂಟಿರುವುದು, ಕೊರಳಿಗೆ ಹಾರ ಹಾಕಿದಂತೆ ಹೇರಿ ಕಳುಹಿಸು ಎಂಬ ಹಾಗೆ. ಗ್ರೀಕ್ ಅನುವಾದಕ ಆ ಅಲಂಕಾರ ಬಿಟ್ಟು ನೇರವಾಗಿ ‘ದಾರಿಬುತ್ತಿ ಕೊಟ್ಟು ಕಳುಹಿಸು’ ಎಂದ.

ಕ್ರೈಸ್ತ ಬಳಕೆ ಆಮೇಲಿನದು. ಮೊದಲ ಶತಮಾನದ ಕೊನೆಗೆ ರೋಮಿನಿಂದ ಕೊರಿಂಥದವರಿಗೆ ಬರೆದ, ಕ್ಲೆಮೆಂತನದೆಂದು ಹೆಸರಾದ ಪತ್ರದಲ್ಲಿ (2:1) ಕ್ರಿಸ್ತನ ‘ಎಫೊದಿಯ’ದಲ್ಲಿ ತೃಪ್ತರಾಗಿದ್ದಿರಿ ಎಂಬ ಮಾತಿದೆ. ಅಲ್ಲಿ ಅದು ಬಾಳಿನ ದಾರಿಯ ಬುತ್ತಿ. ಸಾಯುವವರ ವಿಷಯಕ್ಕೆ ಗಟ್ಟಿಯಾಗಿ ಅಂಟಿದ್ದು ಕ್ರೈಸ್ತ ಬಿಷಪರು ಸೇರಿದ 325ರ ನೈಸಿಯ ಸಭೆಯ 13ನೆಯ ನಿಯಮದಲ್ಲಿ: ಮರಣಾಸನ್ನರಿಗೆ ‘ಕೊನೆಯ ಮತ್ತು ಅತ್ಯಗತ್ಯವಾದ ಎಫೊದಿಯೊನ್’ ತಪ್ಪಿಸಬಾರದು. ಪ್ರಾಯಶ್ಚಿತ್ತದಲ್ಲಿದ್ದವನು ಹಾಗೆ ಪಡೆದ ಮೇಲೆ ಬದುಕಿಕೊಂಡರೆ, ಪ್ರಾರ್ಥನೆಯಲ್ಲಿ ಮಾತ್ರ ಪಾಲ್ಗೊಳ್ಳುವವರ ಸಾಲಿನಲ್ಲಿರಬೇಕು ಎಂದೂ ಅದೇ ನಿಯಮ ಹೇಳುತ್ತದೆ.

ಅರಮಾಯಿಕ್ ಭಾಷೆಯಲ್ಲಿ ಬುತ್ತಿಗೆ ‘ಜವ್ವಾದಾ’. ಯೆಹೂದ್ಯರ ಧರ್ಮಗ್ರಂಥವಾದ ಬ್ಯಾಬಿಲೋನಿನ ತಾಲ್ಮುದಿನಲ್ಲಿ (ಕೆತುಬೋತ್ 67ಬಿ) ಮಾರ್ ಉಕ್ವ ಎಂಬ ದಾನಶೂರ ಸಾಯುವ ಹೊತ್ತಿಗೆ ತಾನು ಮಾಡಿದ ದಾನದ ಲೆಕ್ಕ ತರಿಸಿ ನೋಡಿ, ‘ನನ್ನ ಬುತ್ತಿ ಹಗುರ, ದಾರಿ ದೂರ’ ಎಂದು ಉಳಿದ ಆಸ್ತಿಯಲ್ಲಿ ಅರ್ಧವನ್ನು ಕೊಟ್ಟುಬಿಟ್ಟ. ಅರಬ್ಬಿಯ ‘ಜಾದ್’ ಇದೇ ನಂಟಿನ ಪದ. ಕುರಾನಿನ 2:197ರಲ್ಲಿ ಹಜ್ ಯಾತ್ರಿಕರಿಗೆ ಬುತ್ತಿ ಒಯ್ಯಲು ಹೇಳಿ, ಬುತ್ತಿಗಳಲ್ಲಿ ಉತ್ತಮವಾದದ್ದು ದೈವಭಯ ಎಂದಿದೆ.

ಪ್ರಶ್ನೆ: ‘ಪಾಪದ ಸಂಬಳ ಮರಣ’ (ರೋಮಾ. 6:23) ಎಂಬಲ್ಲಿ ‘ಸಂಬಳ’ ಎಂದು ಅನುವಾದಿಸಿರುವ ಪದವೂ ಮೂಲತಃ ಆಹಾರಕ್ಕೆ ಸಂಬಂಧಿಸಿದ್ದೇ? — ಓದುಗರು, ಧಾರವಾಡ

ಹೌದು. ಆ ಪದ ‘ಒಪ್ಸೋನಿಯೊನ್’, ರೋಮಾ 6:23ರಲ್ಲಿ ಬಹುವಚನ ‘ಒಪ್ಸೋನಿಯ’. ‘ಒಪ್ಸೊನ್’ ಎಂದರೆ ರೊಟ್ಟಿಗೆ ನಂಜಿಕೊಳ್ಳುವುದು. ನಮ್ಮಲ್ಲಿ ಮುದ್ದೆಗೆ ಸಾರು, ರೊಟ್ಟಿಗೆ ಪಲ್ಯ ಇದ್ದಂತೆ ಗ್ರೀಕರಿಗೆ ‘ಸೀತೊಸ್’ ಹೊಟ್ಟೆ ತುಂಬಿಸುವುದು, ‘ಒಪ್ಸೊನ್’ ಜೊತೆಗೆ ಬೇಕಾದದ್ದು. ಕ್ರಮೇಣ ಮೀನು ಅದರಲ್ಲಿ ಮುಖ್ಯವಾಯಿತು. ಯೋಹಾನ 6:9ರಲ್ಲಿ ಐದು ಜವೆಗೋಧಿ ರೊಟ್ಟಿಗಳ ಜೊತೆಗಿದ್ದ ಎರಡು ಮೀನುಗಳಿಗೆ ‘ಒಪ್ಸಾರಿಯ’ ಎಂದೇ ಹೆಸರು. ‘ಒಪ್ಸೊನ್’ಗೆ ‘ಕೊಳ್ಳು’ ಎಂಬ ಕ್ರಿಯಾಪದ ಸೇರಿ ‘ಒಪ್ಸೋನಿಯೊನ್’ ಆಗಿದೆ: ನಂಜಿಕೊಳ್ಳುವುದನ್ನು ಕೊಳ್ಳಲು ಕೊಡುವ ಕಾಸು. ಅಲ್ಲಿಂದ ಸೈನಿಕನಿಗೆ ಕೊಡುವ ಹಣ, ಆಮೇಲೆ ಒಟ್ಟಾರೆ ಭತ್ಯೆ.

ಕ್ರಿ.ಪೂ. 2ನೆಯ ಶತಮಾನದ ಪೊಲಿಬಿಯಸ್ ತನ್ನ ಇತಿಹಾಸದ 6ನೆಯ ಪುಸ್ತಕದಲ್ಲಿ (39ನೆಯ ಅಧ್ಯಾಯ) ರೋಮನ್ ಸೈನಿಕರ ಲೆಕ್ಕವನ್ನು ಕೊಟ್ಟಿದ್ದಾನೆ. ‘ಒಪ್ಸೋನಿಯೊನ್’ ಕಾಲಾಳಿಗೆ ದಿನಕ್ಕೆ ಎರಡು ಒಬೊಲ್ (ಗ್ರೀಕರ ಸಣ್ಣ ನಾಣ್ಯ), ಶತಾಧಿಪತಿಗೆ ಅದರ ಎರಡರಷ್ಟು, ಕುದುರೆ ಸವಾರನಿಗೆ ಒಂದು ದ್ರಾಖ್ಮೆ, ಅಂದರೆ ಆರು ಒಬೊಲ್. ಧಾನ್ಯವನ್ನು ಬೇರೆಯಾಗಿ ಅಳೆದು ಕೊಡುತ್ತಿದ್ದರು: ಕಾಲಾಳಿಗೆ ತಿಂಗಳಿಗೆ ಸುಮಾರು ಮೂರನೇ ಎರಡು ಮೆದಿಮ್ನೊಸ್ (ಧಾನ್ಯದ ಅಳತೆ) ಗೋಧಿ. ಆದರೆ ರೋಮನ್ ಸೈನಿಕನಿಗೆ ಆ ಧಾನ್ಯ, ಬಟ್ಟೆ, ಬೇಕಾದ ಆಯುಧ ಇವುಗಳ ಬೆಲೆಯನ್ನು ಇದೇ ಹಣದಿಂದ ಮುರಿದುಕೊಳ್ಳುತ್ತಿದ್ದರು. ಕೈಗೆ ಉಳಿಯುತ್ತಿದ್ದದ್ದು ಕಡಿಮೆ. ಲೂಕ 3:14ರಲ್ಲಿ ಸ್ನಾನಿಕನಾದ ಯೋಹಾನನು ಸೈನಿಕರಿಗೆ ‘ಯಾರನ್ನೂ ಬೆದರಿಸಿ ಸುಲಿಯಬೇಡಿ, ನಿಮ್ಮ ಒಪ್ಸೋನಿಯ ಸಾಕೆನ್ನಿರಿ’ ಎಂದಾಗ ಆ ಮಾತು ಹಗುರದ್ದಲ್ಲ.

ಹೊಸ ಒಡಂಬಡಿಕೆಯಲ್ಲಿ ಪದ ಬರುವುದು ನಾಲ್ಕು ಕಡೆ: ಲೂಕ 3:14, ರೋಮಾ 6:23, 1 ಕೊರಿಂಥ 9:7, 2 ಕೊರಿಂಥ 11:8. ನಾಲ್ಕಕ್ಕೂ ‘ಸಂಬಳ’ ಹೊಂದುವುದಿಲ್ಲ. 1 ಕೊರಿಂಥ 9:7ರಲ್ಲಿ ‘ಸ್ವಂತ ಒಪ್ಸೋನಿಯದಿಂದ ಯಾರು ದಂಡಿಗೆ ಹೋಗುತ್ತಾರೆ?’ ಎಂಬ ಪ್ರಶ್ನೆ. ತನ್ನ ಸಂಬಳವನ್ನು ತಾನೇ ಕೊಟ್ಟುಕೊಳ್ಳುವುದು ಎಂದರೆ ಅರ್ಥವಿಲ್ಲ; ಸ್ವಂತ ಖರ್ಚಿನಲ್ಲಿ ಎಂದರೆ ಸರಿ. 2 ಕೊರಿಂಥ 11:8ರಲ್ಲಿ ಕೊರಿಂಥದವರ ಸೇವೆ ಮಾಡಲು ಪೌಲ ಬೇರೆ ಸಭೆಗಳಿಂದ ಪಡೆದದ್ದು ಕೂಲಿಯಲ್ಲ, ಜೀವನಾಧಾರ. 1974ರಲ್ಲಿ ಕಾರಗೌನಿಸ್ ಎಂಬ ವಿದ್ವಾಂಸರು ಈ ಪದವನ್ನು ಮರುಪರಿಶೀಲಿಸಿ, ‘ಸಂಬಳ’ಕ್ಕಿಂತ ಒದಗಿಸುವ ಆಹಾರ, ಭತ್ಯೆ ಎಂಬ ಅರ್ಥವೇ ಹೆಚ್ಚು ಸರಿ ಎಂದು ವಾದಿಸಿದರು.

ಕನ್ನಡದಲ್ಲಿ ಇದಕ್ಕೆ ‘ಪಡಿ’ ಎಂಬ ಒಳ್ಳೆಯ ಮಾತಿದೆ: ಅಳೆದು ಕೊಡುವ ದಿನದ ಅಕ್ಕಿಬೇಳೆ, ‘ಪಡಿತರ’ದಲ್ಲಿ ಇನ್ನೂ ಉಳಿದಿರುವುದು. ರೋಮಾ 6:23ರಲ್ಲಿ ಪಾಪ ಒಬ್ಬ ಯಜಮಾನ ಅಥವಾ ದಂಡನಾಯಕ (6:13ರಲ್ಲಿ ಆಯುಧದ ಮಾತಿದೆ, 6:16ರಿಂದ ದಾಸರ ಮಾತು). ಅವನು ತನ್ನವರಿಗೆ ಹಾಕುವ ಪಡಿ ಮರಣ. ಪಡಿ ದಿನದಿನವೂ ಬರುವುದು. ಕೊನೆಗೊಮ್ಮೆ ಲೆಕ್ಕ ಚುಕ್ತಾ ಮಾಡಿ ಕೊಡುವ ಕೂಲಿಯಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ವಿಷಯ. ಅದಕ್ಕೆ ಎದುರಾಗಿ ನಿಂತಿರುವುದು ‘ಖರಿಸ್ಮ’, ಉಚಿತ ವರ. ಆರಂಭಕಾಲದ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಈ ವಚನವನ್ನು ಲ್ಯಾಟಿನಿಗೆ ತರುವಾಗ ಮೊದಲನೆಯದಕ್ಕೆ ಸೈನಿಕರ ವೇತನವಾದ ‘ಸ್ತಿಪೆಂದಿಯ’ವನ್ನೂ ಎರಡನೆಯದಕ್ಕೆ ಚಕ್ರವರ್ತಿ ದಂಡಿಗೆ ಹಂಚುವ ಉಡುಗೊರೆಯಾದ ‘ದೊನಾತಿವುಮ್’ ಅನ್ನೂ ಇಟ್ಟ.

ಇಷ್ಟಾದರೂ ಹಳೆಯ ಅನುವಾದಕರ ‘ಸಂಬಳ’ವನ್ನು ತೆಗೆದುಹಾಕಲು ನಮಗೆ ಮನಸ್ಸಿಲ್ಲ. ಸಂಸ್ಕೃತ ನಿಘಂಟುಗಳಲ್ಲಿ ‘ಶಂಬಲ’ ಅಥವಾ ‘ಸಂಬಲ’ಕ್ಕೆ ಕೊಟ್ಟಿರುವ ಅರ್ಥ ದಾರಿಯ ಬುತ್ತಿ, ಪಾಥೇಯ. ನಮ್ಮ ‘ಸಂಬಳ’ವನ್ನು ಆ ಪದದೊಂದಿಗೇ ಜೋಡಿಸುತ್ತಾರೆ. ಗ್ರೀಕ್ ಪದವೂ ಕನ್ನಡ ಪದವೂ ಆಹಾರದಿಂದ ಹೊರಟು ವೇತನಕ್ಕೆ ಬಂದು ನಿಂತಿವೆ.

ಪ್ರಶ್ನೆ: ಆ ಕಾಲದ ಬುತ್ತಿಯಲ್ಲಿ ನಿಜವಾಗಿ ಏನಿರುತ್ತಿತ್ತು? ಒಬ್ಬನಿಗೆ ದಿನಕ್ಕೆ ಎಷ್ಟು? — ಓದುಗರು, ಶಿವಮೊಗ್ಗ

ಅಳತೆ ‘ಖೊಯ್ನಿಕ್ಸ್’, ಒಂದು ಲೀಟರಿಗೆ ತುಸು ಹೆಚ್ಚು. ಗೋಧಿಯಾದರೆ ಸುಮಾರು 800 ಗ್ರಾಂ. ಪರ್ಷಿಯದ ದೊರೆ ಕ್ಸರ್ಕ್ಸಿಸನ ಸೇನೆಯ ಖರ್ಚನ್ನು ಲೆಕ್ಕ ಹಾಕುವಾಗ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ (7:187) ಒಬ್ಬನಿಗೆ ದಿನಕ್ಕೆ ಒಂದು ಖೊಯ್ನಿಕ್ಸ್ ಎಂದು ಹಿಡಿದಿದ್ದಾನೆ. ಮೇಲೆ ಹೇಳಿದ ಪೊಲಿಬಿಯಸನ ಲೆಕ್ಕವೂ ಹೊಂದುತ್ತದೆ: ಒಂದು ಮೆದಿಮ್ನೊಸಿಗೆ 48 ಖೊಯ್ನಿಕ್ಸ್, ಅದರ ಮೂರನೇ ಎರಡು 32, ತಿಂಗಳಿಗೆ ಸರಿಹೋಯಿತು. ಪ್ರಕಟನೆ 6:6ರಲ್ಲಿ ಒಂದು ಖೊಯ್ನಿಕ್ಸ್ ಗೋಧಿಗೆ ಒಂದು ದೆನಾರಿಯಸ್. ಮತ್ತಾಯ 20:2ರ ಪ್ರಕಾರ ದೆನಾರಿಯಸ್ ಒಂದು ದಿನದ ಕೂಲಿ. ದಿನವಿಡೀ ದುಡಿದರೆ ಒಬ್ಬನ ಹೊಟ್ಟೆಗೆ ಮಾತ್ರ ಎಂದಾಯಿತು. ಅದು ಬರಗಾಲದ ಬೆಲೆ.

ದಾರಿಯಲ್ಲಿ ಹಸಿ ಧಾನ್ಯ ಒಯ್ದರೆ ಬೀಸುಕಲ್ಲು ಬೇಕು, ಬೆಂಕಿ ಬೇಕು, ತಡವೂ ಆಗುತ್ತದೆ. ಆದ್ದರಿಂದ ಹುರಿದ ಧಾನ್ಯ, ಸುಟ್ಟ ರೊಟ್ಟಿ, ಒಣಹಣ್ಣು. ದಾವೀದ ಅಣ್ಣಂದಿರಿಗೆ ಒಯ್ದದ್ದು ಒಂದು ಏಫಾ (ಏಫಾ, ಸೆಯಾ ಎರಡೂ ಧಾನ್ಯದ ಅಳತೆಗಳು) ಹುರಿದ ಧಾನ್ಯ, ಹತ್ತು ರೊಟ್ಟಿ. ಸೇನಾಧಿಪತಿಗೆ ಹತ್ತು ಗಿಣ್ಣು (1 ಸಮುವೇಲ 17:17–18). ಅಬೀಗೈಲಳು ದಾವೀದನ ಜನರಿಗೆ ಕತ್ತೆಗಳ ಮೇಲೆ ಹೇರಿಸಿದ್ದು 200 ರೊಟ್ಟಿ, ಎರಡು ಬುದ್ದಲಿ ದ್ರಾಕ್ಷಾರಸ, ಹಸನುಮಾಡಿದ ಐದು ಕುರಿ, ಐದು ಸೆಯಾ ಹುರಿದ ಧಾನ್ಯ, 100 ಗೊಂಚಲು ಒಣದ್ರಾಕ್ಷಿ, 200 ಅಂಜೂರದ ಉಂಡೆ (25:18). ಹುರಿದ ಧಾನ್ಯಕ್ಕೆ ತೇವವಿಲ್ಲ, ಮೊಳೆಯುವುದಿಲ್ಲ, ಹಾಗೆಯೇ ಮುಕ್ಕಬಹುದು. ಅಂಜೂರವನ್ನು ಒತ್ತಿ ಉಂಡೆ ಮಾಡಿದರೆ ಜಾಗ ಕಡಿಮೆ, ಬಹಳ ದಿನ ಕೆಡುವುದಿಲ್ಲ. ಕೆಡುವುದು ರೊಟ್ಟಿಯೇ: ದಪ್ಪಗಿದ್ದು ಒಳಗೆ ತೇವ ಉಳಿದರೆ ಬೂಷ್ಟು, ತೆಳ್ಳಗಿದ್ದರೆ ಒಣಗಿ ಪುಡಿ. ಗಲಿಲಾಯದಿಂದ ಸಮಾರ್ಯದ ಮೇಲೆ ಯೆರೂಸಲೇಮಿಗೆ ಮೂರು ದಿನ ಎಂದು ಯೆಹೂದಿ ಇತಿಹಾಸಕಾರ ಜೋಸೆಫಸ್ ತನ್ನ ಆತ್ಮಚರಿತ್ರೆಯಲ್ಲಿ ಹೇಳುತ್ತಾನೆ. ಅಷ್ಟು ದೂರಕ್ಕೆ ರೊಟ್ಟಿ ಸಾಕಾಗುತ್ತಿತ್ತು.

ಪ್ರಶ್ನೆ: ಶಿಷ್ಯರು ಒಯ್ಯಬಾರದಾಗಿದ್ದ ‘ಚೀಲ’ ಬುತ್ತಿಚೀಲವೋ ಭಿಕ್ಷೆಯ ಜೋಳಿಗೆಯೋ? ಕೋಲಿನ ವಿಷಯದಲ್ಲಿ ಸುವಾರ್ತೆಗಳು ಒಂದಕ್ಕೊಂದು ವಿರುದ್ಧವಾಗಿವೆಯಲ್ಲ? — ಓದುಗರು, ಮೈಸೂರು

ಪದ ‘ಪೇರಾ’. ಎರಡೂ ಅರ್ಥ ಉಂಟು. ಸಿನಿಕ ಪಂಥದ ತಿರುಗಾಡಿ ತತ್ತ್ವಜ್ಞಾನಿಗಳ ಗುರುತೇ ಕೋಲು ಮತ್ತು ಪೇರಾ. ಸಿರಿಯದ ಕೆಫ್ರ್-ಹೌವಾರ್ ಎಂಬಲ್ಲಿ ಸಿಕ್ಕ ಒಂದು ಶಾಸನದಲ್ಲಿ, ಸಿರಿಯದ ದೇವತೆಯ ಪರವಾಗಿ ಊರೂರು ಭಿಕ್ಷೆ ಎತ್ತಿದ ದಾಸನೊಬ್ಬ ಪ್ರತಿ ಸುತ್ತಿಗೂ 70 ಪೇರಾ ತುಂಬಿಸಿ ತಂದೆನೆಂದು ಹೇಳಿಕೊಂಡಿದ್ದಾನೆ. ಈ ಶಾಸನವನ್ನು ಮುಂದಿಟ್ಟು ವಿದ್ವಾಂಸ ದೈಸ್ಮಾನ್ ‘ಭಿಕ್ಷೆಯ ಜೋಳಿಗೆ’ ಎಂದರು. ಮಾರ್ಕ 6:8ರಲ್ಲಿ ರೊಟ್ಟಿಯ ಪಕ್ಕದಲ್ಲೇ ಪೇರಾ ಇರುವುದರಿಂದ ಬುತ್ತಿಚೀಲ ಎನ್ನುವವರೂ ಇದ್ದಾರೆ. ರೊಟ್ಟಿ, ಚೀಲ, ಸೊಂಟಪಟ್ಟಿಯ ಕಾಸು ಎಂಬ ಕ್ರಮ ನೋಡಿದರೆ ಬುತ್ತಿಚೀಲವೇ ಹೆಚ್ಚು ಹೊಂದುತ್ತದೆ.

ಕೋಲಿನ ವಿಷಯ: ಮಾರ್ಕನಲ್ಲಿ ಕೋಲೊಂದಕ್ಕೆ ಅಪ್ಪಣೆಯಿದೆ, ಮತ್ತಾಯ 10:10 ಮತ್ತು ಲೂಕ 9:3ರಲ್ಲಿ ಅದೂ ಬೇಡ. ಮತ್ತಾಯನ ಕ್ರಿಯಾಪದ ‘ಸಂಪಾದಿಸಿಕೊಳ್ಳಬೇಡಿ’ ಎಂದಿರುವುದರಿಂದ ಹೊಸ ಕೋಲು ಬೇಡ, ಇರುವುದು ಸಾಕು ಎಂದು ಸರಿದೂಗಿಸುತ್ತಾರೆ. ಅದು ಮತ್ತಾಯನಿಗೆ ಸಲ್ಲುತ್ತದೆ, ಲೂಕನಿಗೆ ಸಲ್ಲುವುದಿಲ್ಲ. ಲೂಕ ಬಳಸಿದ್ದು ಮಾರ್ಕನದೇ ಕ್ರಿಯಾಪದ. ಭೇದವಿದೆ ಎಂದು ಒಪ್ಪುವುದೇ ಪ್ರಾಮಾಣಿಕ ಓದು. ಲೂಕ 22:35–36ರಲ್ಲಿ ಕ್ರಿಸ್ತನೇ ಆ ಅಪ್ಪಣೆಯನ್ನು ನೆನಪಿಸಿ, ಈಗ ಚೀಲವಿದ್ದವನು ತೆಗೆದುಕೊಳ್ಳಲಿ ಎನ್ನುತ್ತಾನೆ. ಅದು ಸರ್ವಕಾಲದ ನಿಯಮವಾಗಿರಲಿಲ್ಲ.

ಪ್ರಶ್ನೆ: ತೀತ 3:13ರಲ್ಲಿ ‘ಸಾಗಕಳುಹಿಸು’ ಎಂದರೆ ಊರ ಗಡಿಯವರೆಗೆ ಹೋಗಿ ಬೀಳ್ಕೊಡುವುದೇ? — ಓದುಗರು, ಬೆಂಗಳೂರು

ಅಷ್ಟೇ ಅಲ್ಲ. ‘ಪ್ರೊಪೆಂಪೋ’ ಎಂಬ ಆ ಕ್ರಿಯಾಪದಕ್ಕೆ ಜೊತೆಗೆ ಹೋಗುವ ಅರ್ಥವೂ (ಅಪೊಸ್ತಲರ ಕೃತ್ಯಗಳು 20:38) ದಾರಿಗೆ ಬೇಕಾದದ್ದನ್ನು ಕೊಟ್ಟು ಕಳುಹಿಸುವ ಅರ್ಥವೂ ಇದೆ. ತೀತನಿಗೆ ಬರೆದಲ್ಲಿ ‘ಅವರಿಗೆ ಯಾವ ಕೊರತೆಯೂ ಆಗದಂತೆ’ ಎಂದು ಕೂಡಲೇ ಸೇರಿಸಿರುವುದರಿಂದ ಎರಡನೆಯದೇ ಸರಿ. ರೋಮಾ 15:24, 3 ಯೋಹಾನ 6 ಕೂಡ ಹೀಗೆಯೇ. ಎಷ್ಟು ಕೊಡಬೇಕೆಂಬುದಕ್ಕೆ ‘ದಿದಖೇ’ ಎಂಬ ಆರಂಭಕಾಲದ ಕೈಪಿಡಿಯಲ್ಲಿ (11:5–6) ಮಿತಿಯಿದೆ: ಬಂದ ಅಪೊಸ್ತಲ ಒಂದು ದಿನ, ಅಗತ್ಯವಿದ್ದರೆ ಎರಡು ದಿನ ಇರಬಹುದು, ಮೂರನೆಯ ದಿನ ನಿಂತರೆ ಸುಳ್ಳು ಪ್ರವಾದಿ, ಹೊರಡುವಾಗ ಮುಂದಿನ ಬಿಡಾರದವರೆಗೆ ಸಾಕಾಗುವ ರೊಟ್ಟಿ ಮಾತ್ರ, ಹಣ ಕೇಳಿದರೆ ಅವನೂ ಸುಳ್ಳು ಪ್ರವಾದಿ. ಯೆಹೂದ್ಯರ ನಿಯಮಸಂಗ್ರಹವಾದ ಮಿಶ್ನಾದಲ್ಲಿಯೂ (ಪೇಆ 8:7) ಊರಿಂದೂರಿಗೆ ಹೋಗುವ ಬಡವನಿಗೆ ಕನಿಷ್ಠ ಒಂದು ರೊಟ್ಟಿ, ರಾತ್ರಿ ಉಳಿದರೆ ತಂಗಲು ಬೇಕಾದದ್ದು, ಸಬ್ಬತ್ತಿಗೆ ಉಳಿದರೆ ಮೂರು ಊಟ ಎಂದು ನಿಗದಿಯಾಗಿದೆ.

ಪ್ರಶ್ನೆ: ಗ್ರೀಕ್ ಬಾರದವರು ಇಂಥ ಪದಗಳನ್ನು ತಾವೇ ಹುಡುಕಿ ನೋಡುವುದು ಹೇಗೆ? — ಓದುಗರು, ಉಡುಪಿ

ಮೊದಲು, ಬೈಬಲಿನ ಮೂಲಪದಗಳಿಗೆ ಒಂದೊಂದು ಸಂಖ್ಯೆ ಕೊಟ್ಟಿರುವ ಸ್ಟ್ರಾಂಗ್ ಪದಸೂಚಿಯಲ್ಲಿ ಆ ಪದದ ಸಂಖ್ಯೆ ಹಿಡಿಯಿರಿ. ಗ್ರೀಕ್ ಭಾಗದಲ್ಲಿ ಎಪಿಸಿತಿಸ್ಮೊಸ್ 1979, ಒಪ್ಸೋನಿಯೊನ್ 3800, ಪೇರಾ 4082, ಪ್ರೊಪೆಂಪೋ 4311. ಹೀಬ್ರೂ ಭಾಗದಲ್ಲಿ ತ್ಸೇದಾ 6720. ಆ ಸಂಖ್ಯೆಯಡಿ ಬರುವ ವಚನಗಳನ್ನೆಲ್ಲ ಓದಿದ ಮೇಲೆ ನಿಘಂಟಿನ ಅರ್ಥ ನೋಡಿ. ಮೊದಲೇ ನೋಡಿದರೆ ಆ ಅರ್ಥವನ್ನೇ ಎಲ್ಲೆಡೆ ಕಾಣುತ್ತೀರಿ.

ಸ್ಟ್ರಾಂಗಿನ ಗ್ರೀಕ್ ಸಂಖ್ಯೆಗಳು ಹೊಸ ಒಡಂಬಡಿಕೆಗೆ ಮಾತ್ರ. ಆದ್ದರಿಂದ ಎಫೊದಿಯೊನ್ ಅಲ್ಲಿ ಸಿಗುವುದಿಲ್ಲ, ಸೆಪ್ಟುವಜಿಂಟಿನ ಪದಸೂಚಿಯೇ ಬೇಕು. ಅಲ್ಲಿ ಹುಡುಕುವಾಗ ವಚನ ಸಂಖ್ಯೆಗಳು ತಪ್ಪಿಸುತ್ತವೆ. ನಮ್ಮ 78ನೆಯ ಕೀರ್ತನೆ ಅಲ್ಲಿ 77. ನಮ್ಮ 1 ಸಮುವೇಲ ಅಲ್ಲಿ ‘ಒಂದನೆಯ ರಾಜ್ಯಗಳು’, ನಮ್ಮ 1 ಅರಸುಗಳು ಅಲ್ಲಿ ಮೂರನೆಯದು. ಯೆಹೋಶುವ 8:30–35ರ ಭಾಗ ಗ್ರೀಕಿನಲ್ಲಿ 9:2ರ ನಂತರ ಬರುತ್ತದೆ. ಗಿಬ್ಯೋನ್ಯರ ಕಥೆ ಹುಡುಕುವವರು ಗಾಬರಿಯಾಗಬೇಡಿ. ನ್ಯಾಯಸ್ಥಾಪಕರ ಪುಸ್ತಕಕ್ಕೆ ರಾಲ್ಫ್ಸ್ ಸಂಪಾದನೆಯಲ್ಲಿ (1935) ಎರಡು ಪಾಠಗಳನ್ನು ಬೇರೆಬೇರೆಯಾಗಿ ಅಚ್ಚು ಮಾಡಿದ್ದಾರೆ, ಎರಡನ್ನೂ ನೋಡಬೇಕು.

ಇನ್ನೊಂದು ಎಚ್ಚರ. ಪದವನ್ನು ಒಡೆದು ‘ಸೀತೊಸ್ ಎಂದರೆ ಗೋಧಿ, ಆದ್ದರಿಂದ ಲೂಕ 9:12ರ ಜನ ಗೋಧಿ ಹುಡುಕಲು ಹೋಗಬೇಕಿತ್ತು’ ಎಂದು ಪ್ರಸಂಗ ಮಾಡುವವರಿದ್ದಾರೆ. ಅದೇ ಅಧ್ಯಾಯದ ಮುಂದಿನ ವಚನದಲ್ಲಿ ಶಿಷ್ಯರು ಕೊಳ್ಳಬೇಕೆಂದದ್ದು ‘ಬ್ರೋಮತ’, ಅಂದರೆ ತಿನಿಸುಗಳು. ಅಕ್ಕಪಕ್ಕದ ವಚನ ಓದಿದ್ದರೆ ಈ ತಪ್ಪಾಗುತ್ತಿರಲಿಲ್ಲ.